ಆಕಾಶಕ್ಕೆ ಮದ್ದು ಬಿಡುವ ಮುನ್ನ

ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ರಬ್ಬರ್ ತೋಟಗಳ ಮಗ್ಗುಲಲ್ಲಿ ಮನೆ ಮಾಡಿಕೊಂಡವರಿಗೆ ಬೇಸಿಗೆಯ ಮೊದಲ ಮಳೆಯು ತಂಪಿನೊಡನೆ ಒಂದು ಉಪದ್ರವವನ್ನೂ ತರುತ್ತದೆ. ಮಳೆ ಬಿದ್ದ ಸಂಜೆ ದೀಪ ಹಚ್ಚಿದೊಡನೆ ಕಡುಕಂದು ಬಣ್ಣದ ಸಣ್ಣ ಹುಳಗಳು ತೋಟದಿಂದ ಎದ್ದು ಸಾವಿರಗಟ್ಟಲೆಯಾಗಿ ಮನೆಯೊಳಗೆ ನುಗ್ಗುತ್ತವೆ. ಹಂಚಿನ ಮಾಡಿನ ಸಂದಿಗಳಲ್ಲಿ, ಅಟ್ಟದಲ್ಲಿ, ಮಡಚಿಟ್ಟ ಬಟ್ಟೆಗಳಲ್ಲಿ, ಕೆಲವೊಮ್ಮೆ ಅನ್ನದ ತಟ್ಟೆಯಲ್ಲಿಯೂ ಅವೇ. ಕೇರಳದವರು ಇದನ್ನು ಮುಪ್ಲಿ ಹುಳವೆನ್ನುತ್ತಾರೆ. ಬಯಲುಸೀಮೆಯ ಓದುಗರಿಗೆ ಇದರ ಪರಿಚಯವಿರಲಾರದು. ಇದು ಕಚ್ಚುವುದಿಲ್ಲ, ರೋಗವನ್ನು ಹರಡುವುದಿಲ್ಲ. ಅದುಮಿದರೆ ಕಟುವಾಸನೆಯ ದ್ರವವನ್ನು ಸ್ರವಿಸುತ್ತದೆ. ಅದು ತಾಗಿದ ಕಡೆ ಚರ್ಮ ಉರಿದು ಕೆಂಪಾಗಿ ಗುಳ್ಳೆಯೇಳುವುದುಂಟು.

ರಬ್ಬರ್ ಮರವು ಚಳಿಗಾಲದಲ್ಲಿ ಎಲೆಯುದುರಿಸುತ್ತದೆ. ಈ ಹುಳದ ಮರಿಗಳು ಆ ತರಗೆಲೆಯನ್ನೇ ತಿಂದು ಬೆಳೆಯುತ್ತವೆ. ಮಳೆಗಾಲದ ಮುನ್ಸೂಚನೆ ದೊರೆತೊಡನೆ ಒಣಗಿದ ಆಶ್ರಯವನ್ನರಸಿ ಮನೆಗೆ ಬಂದು, ತಿಂಗಳುಗಟ್ಟಲೆ ನಿಶ್ಚೇಷ್ಟಿತವಾಗಿ ಕಳೆದು, ಮತ್ತೆ ಎಲೆಯುದುರುವ ಕಾಲಕ್ಕೆ ತೋಟಕ್ಕೆ ಹಿಂದಿರುಗುತ್ತವೆ. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ತರುವಾಯ ಶ್ರೀಲಂಕೆಯಿಂದ ಮರಳಿದ ತಮಿಳು ಕುಟುಂಬಗಳಿಗೆ ಉದ್ಯೋಗ ಕಲ್ಪಿಸಲೆಂದು ಸರಕಾರವು ಈ ಭಾಗದಲ್ಲಿ ರಬ್ಬರ್ ನೆಡುತೋಪುಗಳನ್ನು ಬೆಳೆಸಿತು. ಅನಂತರ ಕೃಷಿಕರೂ ಗುಡ್ಡಗಳನ್ನು ರಬ್ಬರಿಗೆ ಬಿಟ್ಟುಕೊಟ್ಟರು. ಆಗ ಯಾರೂ ಹುಳವನ್ನು ಬೇಡಿರಲಿಲ್ಲ. ತರಗೆಲೆಯಾಯಿತು, ಅದನ್ನು ತಿನ್ನುವ ಜೀವಿಯೂ ಬಂದಿತು.

ಈ ಹುಳ ಅಸಹ್ಯ ತರಿಸುತ್ತದೆಯೇ ಹೊರತು ಪ್ರಾಣಕ್ಕೆರವಾಗುವುದಿಲ್ಲ. ಅಂಜಬೇಕಾದದ್ದು ಅದೇ ತೋಟದಲ್ಲಿ ಹುಟ್ಟುವ, ಹಗಲಲ್ಲಿ ಕಚ್ಚುವ ಈಡಿಸ್ ಸೊಳ್ಳೆಗೆ. ಅದಕ್ಕೆ ಕೆರೆ ಬೇಕಿಲ್ಲ, ಚರಂಡಿ ಬೇಕಿಲ್ಲ. ರಬ್ಬರ್ ಹಾಲು ಹಿಡಿಯಲು ಮರಕ್ಕೆ ಕಟ್ಟಿದ ಗೆರಟೆಯಲ್ಲಿ ನಿಂತ ನಾಲ್ಕು ಚಮಚ ನೀರು ಸಾಕು. ತೋಟದಲ್ಲಿ ಕವುಚದೆ ಬಿದ್ದ ಅಡಿಕೆ ಹಾಳೆಯೊಂದು ಸಾಕು. ಮೊಟ್ಟೆಯಿಂದ ಸೊಳ್ಳೆಯಾಗಲು ಏಳೆಂಟು ದಿನ, ಹೆಚ್ಚೆಂದರೆ ಹತ್ತು. ನೀರು ಆರಿದರೂ ಮೊಟ್ಟೆಗಳು ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತವೆ. ಮತ್ತೆ ನೀರು ಬಿದ್ದ ದಿನ ಒಡೆಯುತ್ತವೆ. 2008ರಲ್ಲಿ ಚಿಕುನ್‌ಗುನ್ಯ ಈ ತಾಲೂಕುಗಳ ಹಳ್ಳಿಗಳನ್ನು ಹಿಡಿದಾಗ ಮನೆಮಂದಿಯೆಲ್ಲ ಒಟ್ಟಿಗೆ ಹಾಸಿಗೆ ಹಿಡಿದರು. ಗಂಜಿ ಕಾಯಿಸಿ ಕೊಡಲು ಎದ್ದು ನಿಲ್ಲಬಲ್ಲವರಿಲ್ಲದ ಮನೆಗಳನ್ನು ನಾವು ಕಂಡಿದ್ದೇವೆ. ಜ್ವರ ವಾರದಲ್ಲಿ ಇಳಿದರೂ ಕೀಲುನೋವು ಕೆಲವರಲ್ಲಿ ವರ್ಷಗಟ್ಟಲೆ ಉಳಿಯಿತು. ಈಗ ಡೆಂಗಿಯ ಸರದಿ. ಅದು ಬಾರದ ಮಳೆಗಾಲವೇ ಇಲ್ಲವೆಂಬಂತಾಗಿದೆ.

ಹವಾಮಾನದ ಪಾತ್ರವೂ ಇಲ್ಲಿದೆ. ಸೆಕೆ ಹೆಚ್ಚಿದಷ್ಟೂ ಮರಿಯು ಬೇಗ ಸೊಳ್ಳೆಯಾಗುತ್ತದೆ, ಸೊಳ್ಳೆಯೊಳಗೆ ವೈರಾಣುವೂ ಬೇಗ ಬಲಿಯುತ್ತದೆ. ಬಿಡದೆ ಸುರಿಯುವ ಜಡಿಮಳೆಯು ಗೆರಟೆಯನ್ನು ತುಂಬಿ ಹೊರಚೆಲ್ಲಿ ಮರಿಗಳನ್ನು ಕೊಚ್ಚಿಕೊಂಡು ಹೋಗುತ್ತದೆ. ಒಂದು ದಿನ ಮಳೆ, ನಾಲ್ಕು ದಿನ ಬಿಸಿಲು ಎಂಬ ಹೊಸ ರೀತಿಯು ಅವುಗಳನ್ನು ಸಾಕುತ್ತದೆ. ಇನ್ನೊಂದೆಡೆ, 2022ರ ಆಗಸ್ಟ್ ಮೊದಲ ದಿನಗಳಲ್ಲಿ ಸುಬ್ರಹ್ಮಣ್ಯ, ಹರಿಹರ ಪಲ್ಲತ್ತಡ್ಕ, ಕೊಲ್ಲಮೊಗ್ರುಗಳಲ್ಲಿ ಕಂಡಂತೆ ಆಕಾಶವೇ ಕಳಚಿ ಬಿದ್ದಂತಹ ಮಳೆಯೂ ಬರುತ್ತದೆ.

ಚಿಕಿತ್ಸಾಲಯದ ಜಗಲಿಯಲ್ಲಿ ಸರತಿಗೆ ಕಾದು ಕುಳಿತವರ ನಡುವೆ ಈಚೆಗೆ ಈ ವಿಷಯವಾಗಿ ಜಿಜ್ಞಾಸೆ ನಡೆಯುವುದನ್ನು ಕೇಳುತ್ತಿರುತ್ತೇವೆ. ಹಿರಿಯರು ರಬ್ಬರನ್ನು ದೂರುತ್ತಾರೆ. ಎಂಜಿನಿಯರಿಂಗ್ ಓದುವ ಮಕ್ಕಳ ಉತ್ತರ ಬೇರೆ: ಭೂಮಿಯ ಕಾವನ್ನೇ ಇಳಿಸುವ ವಿದ್ಯೆ ಬಂದಿದೆ, ವಿಮಾನದಿಂದ ಮೇಲೆ ಔಷಧಿ ಹೊಡೆದರಾಯಿತು ಎಂದು. ನಮ್ಮ ಅಡಿಕೆ ಕೃಷಿಕರ ಬಾಯಲ್ಲಿ ಸಿಂಪಡಣೆಗೆ ‘ಮದ್ದು ಬಿಡುವುದು’ ಎಂದು ಹೆಸರು. ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣ ಕಲಸಿದ ಬೋರ್ಡೋ ದ್ರಾವಣವನ್ನು ಮಳೆಗಾಲದಲ್ಲಿ ಮರದ ತುದಿಗೆ ಬಿಡುವುದು ಅವರಿಗೆ ಅಭ್ಯಾಸ. ಹಾಗೆಯೇ ಆಕಾಶಕ್ಕೂ ಮದ್ದು ಬಿಟ್ಟರೇನು ಎಂಬ ಮಾತು ಅವರಿಗೆ ವಿಚಿತ್ರವಾಗಿ ಕೇಳಿಸುವುದಿಲ್ಲ.

ಅದು ಗಾಳಿಮಾತೂ ಅಲ್ಲ. ಜಿಯೋ ಎಂಜಿನಿಯರಿಂಗ್ ಎಂಬ ಹೆಸರಿನಲ್ಲಿ ವಿಜ್ಞಾನಿಗಳು ಚರ್ಚಿಸುತ್ತಿರುವ ಉಪಾಯಗಳಲ್ಲಿ ಮುಖ್ಯವಾದುದು ಇದೇ. 1991ರಲ್ಲಿ ಫಿಲಿಪ್ಪೀನ್ಸಿನ ಪಿನಟೂಬೋ ಜ್ವಾಲಾಮುಖಿ ಸಿಡಿದಾಗ ಅದು ಕಾರಿದ ಗಂಧಕದ ಅನಿಲವು ವಾಯುಮಂಡಲದ ಮೇಲ್ಪದರದಲ್ಲಿ ಸೂಕ್ಷ್ಮ ಕಣಗಳಾಗಿ ಹರಡಿ, ಸೂರ್ಯನ ಬೆಳಕನ್ನು ಕಿಂಚಿತ್ ತಡೆದು, ಭೂಮಿಯ ಸರಾಸರಿ ಉಷ್ಣತೆಯನ್ನು ಒಂದೆರಡು ವರ್ಷಗಳ ಕಾಲ ಸುಮಾರು ಅರ್ಧ ಡಿಗ್ರಿ ಇಳಿಸಿತು. ಅದನ್ನೇ ಮನುಷ್ಯರು ವಿಮಾನಗಳಿಂದ ವರ್ಷವರ್ಷವೂ ಮಾಡಬಹುದೆಂಬುದು ವಾದ. ಮೋಡಬಿತ್ತನೆಯನ್ನು ಇದರೊಡನೆ ಬೆರೆಸಬಾರದು. ನಮ್ಮ ರಾಜ್ಯ ಸರಕಾರವು 2017ರಲ್ಲಿ ‘ವರ್ಷಧಾರಿ’ ಎಂಬ ಹೆಸರಿನಿಂದ ಸಿಲ್ವರ್ ಅಯೋಡೈಡ್ ಬಳಸಿ ನಡೆಸಿದ್ದು ಆಯಾ ಮೋಡದ ಮಟ್ಟಿನ ಪ್ರಯತ್ನ. ಇದು ಇಡೀ ಭೂಮಂಡಲಕ್ಕೆ ಕೊಡೆ ಹಿಡಿಯುವ ಯೋಜನೆ.

ಆಕಾಶದಿಂದ ಬಿಡುವ ಮದ್ದನ್ನು ಕುರಿತು ಮಾತನಾಡುವಾಗ ಈ ಮೂರು ತಾಲೂಕುಗಳವರಿಗೆ ಪುಸ್ತಕದ ವಿದ್ಯೆ ಬೇಕಿಲ್ಲ. ಗೇರುಮರದ ಚಿಗುರಿನ ರಸ ಹೀರುವ ತಿಗಣೆಯ ಜಾತಿಯ ಕೀಟವೊಂದಿದೆ. ಚಹಾ ಸೊಳ್ಳೆಯೆಂದು ಅದರ ಹೆಸರು, ಸೊಳ್ಳೆಗೂ ಅದಕ್ಕೂ ಸಂಬಂಧವಿಲ್ಲ. ಅದನ್ನು ಕೊಲ್ಲಲು ಗಡಿಯಾಚೆಯ ಕಾಸರಗೋಡಿನಲ್ಲಿ ಕೇರಳದ ಪ್ಲಾಂಟೇಶನ್ ನಿಗಮವು 2000ದವರೆಗೆ ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿತು. ಈಚೆಯಲ್ಲಿ ದಕ್ಷಿಣ ಕನ್ನಡದ ಗೇರು ತೋಪುಗಳ ಮೇಲೂ ಅದೇ ನಡೆಯಿತು. ಹೆಲಿಕಾಪ್ಟರಿಗೆ ಗೇರುಮರ, ಬಾವಿ, ತೊರೆ, ಶಾಲೆಯ ಅಂಗಳ ಎಂಬ ಭೇದ ತಿಳಿಯುವುದಿಲ್ಲ. ಗಡಿಗೆ ತಾಗಿದ ಪಡ್ರೆ, ಸ್ವರ್ಗ, ವಾಣಿನಗರಗಳಲ್ಲಿ ಅಂಗವಿಕಲ ಕರುಗಳ ಕುರಿತು ಕೃಷಿ ಪತ್ರಕರ್ತರಾದ ಶ್ರೀ ಪಡ್ರೆಯವರು ಬರೆದರು. ಕೆಲವೇ ಮನೆಗಳಲ್ಲಿ ಅಸಹಜ ಪ್ರಮಾಣದಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಅಂಗವೈಕಲ್ಯಗಳಿರುವುದನ್ನು ಅಲ್ಲಿನ ವೈದ್ಯರಾದ ಡಾ. ವೈ. ಎಸ್. ಮೋಹನ ಕುಮಾರರು ಗುರುತಿಸಿದರು. ಅಂದು ಪುತ್ತೂರು ತಾಲೂಕಿನಲ್ಲಿದ್ದು ಇಂದು ಕಡಬಕ್ಕೆ ಸೇರಿರುವ ಆಲಂಕಾರು, ಕೊಯಿಲ ಪರಿಸರದಲ್ಲಿ, ಬೆಳ್ತಂಗಡಿಯ ಕೊಕ್ಕಡ, ಪಟ್ರಮೆ, ನಿಡ್ಲೆಗಳಲ್ಲಿ ಇಂತಹ ಮನೆಗಳು ಇಂದಿಗೂ ಇವೆ. ಸರ್ವೋಚ್ಚ ನ್ಯಾಯಾಲಯವು 2011ರ ಮೇ ತಿಂಗಳಲ್ಲಿ ಎಂಡೋಸಲ್ಫಾನನ್ನು ನಿಷೇಧಿಸಿತು. ಕೊಕ್ಕಡದಲ್ಲಿಯೂ ಕೊಯಿಲದಲ್ಲಿಯೂ ಸಂತ್ರಸ್ತರಿಗಾಗಿ ಹಗಲು ಪಾಲನಾ ಕೇಂದ್ರಗಳು ತೆರೆದವು. ಮೂವತ್ತು ದಾಟಿದ ಮಗನಿಗೆ ತುತ್ತು ಇಡುವ ತಾಯಿಯರು, ‘ನಾನು ಹೋದ ಮೇಲೆ ಇವನ ಗತಿ ಏನು ಡಾಕ್ಟ್ರೇ?’ ಎಂದು ಕೇಳುತ್ತಾರೆ. ಯಾವ ಪದ್ಧತಿಯ ವೈದ್ಯನ ಬಳಿಯೂ ಅದಕ್ಕೆ ಉತ್ತರವಿಲ್ಲ.

ಗಂಧಕದ ಕಣ ಬೇರೆ, ಎಂಡೋಸಲ್ಫಾನ್ ಬೇರೆ. ಎರಡರ ವಿಷಗುಣವನ್ನು ನಾವು ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. ನಾವು ಹೋಲಿಸುತ್ತಿರುವುದು ಕ್ರಮವನ್ನು. ಎಲ್ಲಿಯೋ ಕುಳಿತವರು ಲೆಕ್ಕ ಹಾಕಿದರು, ಮೇಲಿನಿಂದ ಸುರಿದರು, ಕೆಳಗಿದ್ದವರನ್ನು ಕೇಳಲಿಲ್ಲ, ಫಲವನ್ನು ಕೆಳಗಿದ್ದವರು ಉಂಡರು.

ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯವು ಜನಪದೋದ್ಧ್ವಂಸವನ್ನು ಕುರಿತದ್ದು. ಬೇಸಿಗೆಯ ಕೊನೆಯಲ್ಲಿ ಗಂಗಾತೀರದ ಕಾಂಪಿಲ್ಯದ ಬಳಿ ಅಡವಿಯಲ್ಲಿ ನಡೆಯುತ್ತ ಆತ್ರೇಯ ಪುನರ್ವಸುಗಳು ಶಿಷ್ಯನಾದ ಅಗ್ನಿವೇಶನಿಗೆ ಹೇಳಿದ ವಿಚಾರ. ಆಹಾರ, ದೇಹಪ್ರಕೃತಿ, ವಯಸ್ಸು ಬೇರೆ ಬೇರೆಯಾದ ಜನರೆಲ್ಲ ಒಂದೇ ಕಾಲಕ್ಕೆ ಒಂದೇ ರೋಗದಿಂದ ನಾಶವಾಗುವುದು ಹೇಗೆಂದು ಶಿಷ್ಯನು ಕೇಳಿದಾಗ, ಎಲ್ಲರಿಗೂ ಸಮಾನವಾದ ವಾಯು, ಜಲ, ದೇಶ, ಕಾಲಗಳು ಕೆಟ್ಟಾಗ ಎಂದು ಗುರುವು ಉತ್ತರಿಸುತ್ತಾನೆ. ಅವು ಕೆಡಲು ಅಧರ್ಮವೇ ಮೂಲವೆಂದೂ, ಅದು ನಾಡನ್ನಾಳುವವರಿಂದ ಆರಂಭವಾಗಿ ಪ್ರಜೆಗಳಿಗೆ ಹರಡುತ್ತದೆಂದೂ ಮುಂದುವರಿದು ಹೇಳಿದೆ. ಅದೇ ಸ್ಥಾನದ ಏಳನೆಯ ಅಧ್ಯಾಯದಲ್ಲಿ ಕ್ರಿಮಿಗಳಿಗೆ ಮೂರು ಬಗೆಯ ಉಪಕ್ರಮ: ಅಪಕರ್ಷಣ, ಅಂದರೆ ಕಿತ್ತು ಹೊರಹಾಕುವುದು, ಪ್ರಕೃತಿವಿಘಾತ, ಅವು ಬೆಳೆಯಲು ಅನುಕೂಲವಾದ ಸ್ಥಿತಿಯನ್ನು ಕೆಡಿಸುವುದು, ನಿದಾನವರ್ಜನ, ಅವು ಹುಟ್ಟಿದ ಕಾರಣವನ್ನೇ ಬಿಡುವುದು. ಅಲ್ಲಿ ಹೇಳಿದ್ದು ದೇಹದೊಳಗಣ ಕ್ರಿಮಿಗಳನ್ನು ಕುರಿತು. ಆದರೆ ಮನೆಯ ಹುಳಕ್ಕೂ ಈ ಕ್ರಮ ಚೆನ್ನಾಗಿ ಹೊಂದುತ್ತದೆ. ಗುಡಿಸುವುದು, ಸೊಳ್ಳೆಪರದೆ ಕಟ್ಟುವುದು ಮೊದಲನೆಯದು. ನಿಂತ ನೀರನ್ನು ಚೆಲ್ಲುವುದು ಎರಡನೆಯದು. ಆಕಾಶಕ್ಕೆ ಗಂಧಕ ಬಿಡುವ ಉಪಾಯವನ್ನು ಈ ಮೂರರಲ್ಲಿ ಯಾವುದಕ್ಕೆ ಸೇರಿಸಬೇಕೆಂದು ನಮಗೆ ಹೊಳೆಯುತ್ತಿಲ್ಲ. ಕೈಗಾರಿಕಾ ಯುಗದ ಮೊದಲು ಗಾಳಿಯ ಹತ್ತು ಲಕ್ಷ ಭಾಗದಲ್ಲಿ 280ರಷ್ಟಿದ್ದ ಇಂಗಾಲಾಮ್ಲವು ಇಂದು 420ನ್ನು ದಾಟಿದೆ. ಆ ಕಾರಣವನ್ನು ಇದು ಮುಟ್ಟುವುದೇ ಇಲ್ಲ.

ಒಬ್ಬ ಯುವಕ ನಮ್ಮೆದುರು ಇಟ್ಟ ಆಕ್ಷೇಪವು ಮಾತ್ರ ತೂಕದ್ದು. ರೋಗಿಗೆ ಜ್ವರ 104ಕ್ಕೆ ಏರಿರುವಾಗ ನೀವು ನಿದಾನವರ್ಜನವೆಂದು ಕುಳಿತುಕೊಳ್ಳುತ್ತೀರೋ, ಮೊದಲು ಜ್ವರ ಇಳಿಸುತ್ತೀರೋ ಎಂದು ಅವನು ಕೇಳಿದ. ಇಳಿಸುತ್ತೇವೆ. ಡೆಂಗಿಯ ಜ್ವರಕ್ಕೆ ಒದ್ದೆಬಟ್ಟೆಯಿಂದ ಮೈಯೊರಸಿ, ಪ್ಯಾರಾಸಿಟಮಾಲನ್ನೂ ಕೊಡಬೇಕೆನ್ನುತ್ತೇವೆ, ಆಸ್ಪಿರಿನ್ ಬೇಡವೆನ್ನುತ್ತೇವೆ; ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ಕಷಾಯವನ್ನೂ ಪಪ್ಪಾಯಿ ಎಲೆಯ ರಸವನ್ನೂ ಬದಿಗಿಟ್ಟು ಆಸ್ಪತ್ರೆಗೆ ಕಳುಹಿಸುತ್ತೇವೆ. ಆದರೆ ಅಲ್ಲಿ ರೋಗಿಯೊಬ್ಬನೇ, ಅವನ ಒಪ್ಪಿಗೆಯಿದೆ, ಪ್ರಮಾಣ ತಿಳಿದಿದೆ, ಹೆಚ್ಚುಕಡಿಮೆಯಾದರೆ ನಿಲ್ಲಿಸಲು ಬರುತ್ತದೆ. ಗಂಧಕದ ಕಣಗಳು ಒಂದೆರಡು ವರ್ಷದಲ್ಲಿ ಕೆಳಗಿಳಿಯುತ್ತವೆ; ಆದ್ದರಿಂದ ಒಮ್ಮೆ ತೊಡಗಿದರೆ ಬಿಡದೆ ಹಾಕುತ್ತಲೇ ಇರಬೇಕು. ಅಷ್ಟರಲ್ಲಿ ಇಂಗಾಲಾಮ್ಲವು ಏರುತ್ತಲೇ ಇದ್ದು, ಯುದ್ಧದಿಂದಲೋ ಹಣದ ಅಭಾವದಿಂದಲೋ ಮದ್ದು ನಿಂತರೆ, ತಡೆದಿಟ್ಟ ಕಾವೆಲ್ಲ ಕೆಲವೇ ವರ್ಷಗಳಲ್ಲಿ ಮೇಲೇಳುತ್ತದೆಂದು ವಿಜ್ಞಾನಿಗಳೇ ಎಚ್ಚರಿಸಿದ್ದಾರೆ. ಮುಂಗಾರಿನ ನಡೆಯೂ ಬದಲಾದೀತೆಂಬ ಶಂಕೆಯಿದೆ. ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಕಾಣುವ ಸುಳ್ಯಕ್ಕೂ, ಅದರ ಎಂಟನೆಯ ಒಂದು ಭಾಗಕ್ಕೆ ಕಾಯುವ ಬಯಲುಸೀಮೆಗೂ ಮಳೆಯ ಅಳತೆಯನ್ನು ಯಾರು ಗೊತ್ತುಮಾಡುವವರು?

ಅಧ್ಯಯನ ನಡೆಯಲಿ, ಅದಕ್ಕೆ ನಮ್ಮ ವಿರೋಧವಿಲ್ಲ. ಪ್ರಯೋಗವು ಬಯಲಿಗೆ ಬರುವ ಮೊದಲು ಕೆಳಗಿರುವವರನ್ನು ಕೇಳಬೇಕೆಂಬುದು ನಮ್ಮ ಮಾತು. ಅದು ಆಗದ ಕೆಲಸವಲ್ಲ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2021ರಲ್ಲಿ ಸ್ವೀಡನ್ನಿನ ಉತ್ತರ ಭಾಗದಲ್ಲಿ ಒಂದು ಬಲೂನು ಹಾರಿಸಲು ಸಿದ್ಧರಾದಾಗ, ಅಲ್ಲಿ ಹಿಮಸಾರಂಗ ಸಾಕುವ ಸಾಮಿ ಬುಡಕಟ್ಟಿನವರು ನಮ್ಮನ್ನು ಕೇಳಿಲ್ಲವೆಂದು ತಕರಾರು ಹೂಡಿದರು. ಆ ಸಲ ಕಣಗಳನ್ನು ಬಿಡುವುದೂ ಇರಲಿಲ್ಲ, ಉಪಕರಣದ ಪರೀಕ್ಷೆ ಮಾತ್ರ. ಹಾರಾಟ ನಿಂತಿತು, 2024ರಲ್ಲಿ ಆ ಯೋಜನೆಯನ್ನೇ ಕೈಬಿಟ್ಟರು. ನಮ್ಮ ಗೇರುಗುಡ್ಡಗಳ ಕೆಳಗಿನವರಿಗೆ ಅಂದು ಇಂತಹ ಒಂದು ಅವಕಾಶ ದೊರೆತಿರಲಿಲ್ಲ. ಸಕಲ ಜೀವಿಗಳಲ್ಲಿ ದಯೆಯನ್ನು ಧರ್ಮದ ಬುಡಕ್ಕಿಟ್ಟ ಬಸವಣ್ಣನವರ ಅನುಯಾಯಿಗಳಾದ ನಾವು, ಅನುಭವ ಮಂಟಪದ ಹೆಸರನ್ನು ದಿನವೂ ಹೇಳುವವರು, ಎಲ್ಲರನ್ನೂ ಕೂರಿಸಿ ಕೇಳಿ ತೀರ್ಮಾನಿಸುವ ಈ ಬೇಡಿಕೆಯನ್ನು ಗಟ್ಟಿಯಾಗಿ ಇಡಬಹುದು.

ಇನ್ನು ಮನೆಯ ಮಟ್ಟಿಗೆ. ರಬ್ಬರ್ ಹುಳಕ್ಕೆ ಮಾಡಿನೊಳಗೆಲ್ಲ ವಿಷ ಸಿಂಪಡಿಸುವವರಿದ್ದಾರೆ. ಸತ್ತ ಹುಳ ಉದುರುತ್ತದೆ, ವಿಷ ಅಟ್ಟದಲ್ಲಿ ಉಳಿಯುತ್ತದೆ. ಮಳೆಬಿದ್ದ ಮೊದಲ ಸಂಜೆಗಳಲ್ಲಿ ಮನೆಯೊಳಗಿನ ದೀಪ ತಗ್ಗಿಸಿ, ಅಂಗಳದಾಚೆ ಒಂದು ದೀಪವಿಟ್ಟು, ಅದರ ಕೆಳಗೆ ಸಾಬೂನು ನೀರಿನ ಅಗಲ ಪಾತ್ರೆಯಿಟ್ಟರೆ ಬಹುಪಾಲು ಅಲ್ಲಿಯೇ ಬೀಳುತ್ತವೆ. ಮನೆಯ ಸುತ್ತಲಿನ ತರಗೆಲೆಯನ್ನು ಮಾರ್ಚಿಗೆ ಮೊದಲೇ ಗುಡಿಸಿ ಗೊಬ್ಬರದ ಗುಂಡಿಗೆ ಹಾಕುವುದು ಇನ್ನೂ ಮೇಲು. ಸೊಳ್ಳೆಬತ್ತಿಯನ್ನು ಮುಚ್ಚಿದ ಕೋಣೆಯಲ್ಲಿ ರಾತ್ರಿಯಿಡೀ ಉರಿಸಬಾರದು. ಧೂಪವೂ ಹೊಗೆಯೇ, ಬೇವಿನ ಹೊಗೆಯಾದ ಮಾತ್ರಕ್ಕೆ ದಮ್ಮಿನ ರೋಗಿಗೆ ಹಿತವಾಗದು, ಆಯುರ್ವೇದದ ಹೆಸರಿನಲ್ಲಿ ಅದನ್ನು ಸಮರ್ಥಿಸುವವರನ್ನು ಕಂಡು ನಮಗೆ ಬೇಸರವಾಗುತ್ತದೆ. ಹಗಲು ಮಲಗುವ ಮಕ್ಕಳಿಗೆ, ಬಾಣಂತಿಯರಿಗೆ ಪರದೆ ಬೇಕು.

ಟ್ಯಾಪಿಂಗ್ ನಿಲ್ಲಿಸಿದ ದಿನವೇ ಗೆರಟೆಗಳನ್ನು ಮರದಲ್ಲಿಯೇ ಬೋರಲು ಕಟ್ಟಬೇಕು. ಬಿದ್ದ ಹಾಳೆಯನ್ನು ಕವುಚಿ ಹಾಕುವುದಕ್ಕೆ ವಾರದಲ್ಲಿ ಒಂದು ದಿನ ಗೊತ್ತುಮಾಡಿಕೊಳ್ಳಬೇಕು. ಏಳು ದಿನ ಮೀರಿದರೆ ಕೆಲಸ ವ್ಯರ್ಥ. ಒಂದು ತೋಟದವರು ಮಾಡಿ ಪಕ್ಕದವರು ಬಿಟ್ಟರೆ ಪ್ರಯೋಜನ ಕಡಿಮೆ. ಯಜಮಾನರು ಬೆಂಗಳೂರಿನಲ್ಲೋ ಗಲ್ಫಿನಲ್ಲೋ ಇದ್ದು ಪಾಳುಬಿದ್ದ ತೋಟಗಳು ಈ ತಾಲೂಕುಗಳಲ್ಲಿ ಈಗ ಬಹಳ. ಅವುಗಳ ಗೆರಟೆ, ಹಾಳೆಗಳನ್ನು ಯಾರು ನೋಡಿಕೊಳ್ಳಬೇಕೆಂಬುದನ್ನು ಆಯಾ ಗ್ರಾಮ ಪಂಚಾಯತಿಯು ಮೇ ತಿಂಗಳೊಳಗೆ ಗ್ರಾಮಸಭೆ ಕರೆದು, ಆಶಾ ಕಾರ್ಯಕರ್ತೆಯರನ್ನೂ ಕೂರಿಸಿಕೊಂಡು ನಿರ್ಣಯಿಸಿದರೆ ಜೂನಿನಲ್ಲಿ ಫಾಗಿಂಗ್ ಯಂತ್ರಕ್ಕಾಗಿ ಅಲೆಯುವುದು ತಪ್ಪುತ್ತದೆ.