ಬಾಣಂತಿ ನಾಯಿಯ ಪಥ್ಯ

ಕಾರ್ತೀಕ ಕಳೆದು ರಾಗಿಯ ತೆನೆ ಕಣಕ್ಕೆ ಬರುವ ವೇಳೆಗೆ ನಾಗಮಂಗಲ, ಕೃಷ್ಣರಾಜಪೇಟೆಗಳ ಹಳ್ಳಿಗಳಲ್ಲಿ ಹುಲ್ಲಿನ ಮೆದೆಯ ಬುಡದಿಂದ ಕುಂಯ್‌ಗುಟ್ಟುವ ಸದ್ದು ಕೇಳಿಬರುವುದು ಹೊಸದೇನಲ್ಲ. ಮಳೆಗಾಲದ ಕೊನೆಯಲ್ಲಿ ಗಬ್ಬವಾದ ಬೀದಿಯ ನಾಯಿಗಳು ಬಹುಮಟ್ಟಿಗೆ ಚಳಿಗಾಲದಲ್ಲಿಯೇ ಮರಿ ಹಾಕುತ್ತವೆ. ಅದುವರೆಗೂ ಗದರಿಸಿ ಅಟ್ಟುತ್ತಿದ್ದ ಗೃಹಿಣಿಯೂ ಅಂದು “ಪಾಪ, ಬಾಣಂತಿ” ಎಂದು ಮರುಗಿ, ಒಂದು ತುತ್ತು ಹೆಚ್ಚಾಗಿಯೇ ತಂದಿಡುತ್ತಾಳೆ. ಆದಿಚುಂಚನಗಿರಿಯ ಕಾಲಭೈರವನ ವಾಹನವೇ ನಾಯಿಯಾಗಿರುವಾಗ, ನಾಗಮಂಗಲದ ಸೀಮೆಯಲ್ಲಿ ಈ ಮರುಕಕ್ಕೆ ಬೇರೆ ಕಾರಣವನ್ನು ಹುಡುಕಬೇಕಾಗಿಲ್ಲ.

ಮರುಕವೇನೋ ಸರಿಯೇ; ತಪ್ಪುವುದು ಪಥ್ಯದಲ್ಲಿ. ಮನೆಯ ಬಾಣಂತಿಗೆ ಯಾವುದು ಹಿತವೋ ಅದೇ ನಾಯಿಗೂ ಹಿತವೆಂದು ಭಾವಿಸಿ ಬೆಳ್ಳುಳ್ಳಿ ಹಾಕಿದ ಮೆಣಸಿನ ಸಾರನ್ನು ಅನ್ನಕ್ಕೆ ಕಲಸಿಡುವವರುಂಟು. ಕೊಬ್ಬರಿ, ಒಣದ್ರಾಕ್ಷಿಗಳ ಉಂಡೆಯಲ್ಲಿ ಚೂರು ಮುರಿದು ಹಾಕುವವರೂ ಉಂಟು. ಬೆಳ್ಳುಳ್ಳಿ ಮತ್ತು ಈರುಳ್ಳಿಗಳು ನಾಯಿಯ ರಕ್ತದಲ್ಲಿರುವ ಕೆಂಪುಕಣಗಳನ್ನು ಒಡೆಯುತ್ತವೆ. ದ್ರಾಕ್ಷಿಯು, ಅದರಲ್ಲಿಯೂ ಒಣದ್ರಾಕ್ಷಿಯು, ಮೂತ್ರಪಿಂಡಗಳನ್ನು ಕೆಡಿಸಬಲ್ಲದು. ಬಾಣಂತಿಗೆ ನೀರನ್ನು ಅಳೆದು ಕೊಡುವ ಹಳೆಯ ಪದ್ಧತಿ ಮನುಷ್ಯರಿಗೇ ಒಳ್ಳೆಯದಲ್ಲವೆಂದು ವೈದ್ಯರು ಹೇಳುತ್ತಾರೆ. ಆರೇಳು ಮರಿಗಳಿಗೆ ಹಾಲೂಡಬೇಕಾದ ನಾಯಿಗಂತೂ ನೀರಿನ ಬೋಗುಣಿ ಹಗಲೂ ರಾತ್ರಿಯೂ ತುಂಬಿಯೇ ಇರತಕ್ಕದ್ದು.

ನಾಯಿಯ ಗರ್ಭಕಾಲ ಸುಮಾರು ೬೩ ದಿನಗಳು. ಮೊದಲ ಐದಾರು ವಾರಗಳಲ್ಲಿ ಅದಕ್ಕೆ ಎಂದಿನ ಆಹಾರವೇ ಸಾಕು. ಆಗಲೇ ತುಂಬ ತಿನ್ನಿಸಿದರೆ ಕೊಬ್ಬು ಬೆಳೆದು ಹೆರಿಗೆ ಕಷ್ಟವಾಗುತ್ತದೆ. ಮರಿಗಳು ಭರದಿಂದ ಬೆಳೆಯುವುದು ಕೊನೆಯ ಮೂರು ವಾರಗಳಲ್ಲಿ. ಆಗ ಆಹಾರವನ್ನು ಸ್ವಲ್ಪ ಸ್ವಲ್ಪವಾಗಿ ಏರಿಸುತ್ತ, ಹೆರಿಗೆಯ ವೇಳೆಗೆ ಮೊದಲಿದ್ದುದಕ್ಕಿಂತ ಕಾಲುಭಾಗದಿಂದ ಅರ್ಧಭಾಗದಷ್ಟು ಹೆಚ್ಚು ಮಾಡಬೇಕು. ಮರಿಗಳು ತುಂಬಿದ ಹೊಟ್ಟೆಯಲ್ಲಿ ಜಠರಕ್ಕೆ ಎಡೆ ಕಡಮೆಯಾದ್ದರಿಂದ ಎರಡು ಹೊತ್ತಿನ ಊಟವನ್ನು ಮೂರು, ನಾಲ್ಕು ಹೊತ್ತಿಗೆ ಹಂಚಿ ಹಾಕುವುದು ಮೇಲು.

ಹಾಕುವುದೇನನ್ನು? ನಾಲೆಯ ನೀರುಂಡ ಶ್ರೀರಂಗಪಟ್ಟಣ, ಪಾಂಡವಪುರಗಳ ಕಡೆ ನಾಯಿಯ ಪಾಲಿಗೆ ಹೆಚ್ಚಾಗಿ ಅನ್ನ; ಮಳೆಯನ್ನೇ ನಂಬಿದ ಹೊಲಗಳ ಕಡೆ ಮುದ್ದೆ. ಇವೆರಡರಲ್ಲಿ ಮುದ್ದೆಯ ನಾಯಿಯೇ ಭಾಗ್ಯಶಾಲಿ. ನೂರು ಗ್ರಾಂ ರಾಗಿಯಲ್ಲಿ ೩೦೦ ಮಿಲಿಗ್ರಾಂಗೂ ಮೀರಿ ಕ್ಯಾಲ್ಸಿಯಂ ಇದ್ದರೆ, ಅಕ್ಕಿಯಲ್ಲಿರುವುದು ಹತ್ತರ ಆಸುಪಾಸು. ಆದರೆ ರಾಗಿಯಲ್ಲಿ ಮಾಂಸಕಟ್ಟುವ ಸಾರ, ಎಂದರೆ ಪ್ರೋಟೀನು, ನೂರಕ್ಕೆ ಏಳರಷ್ಟು ಮಾತ್ರ. ಗಬ್ಬದ ನಾಯಿಯ ಒಣ ಆಹಾರದಲ್ಲಿ ಅದು ಇಪ್ಪತ್ತೆರಡಕ್ಕೆ ಕಡಮೆಯಿರಬಾರದು. ಆದುದರಿಂದ ಬರಿಯ ಮುದ್ದೆಯಿಂದ ಹೊಟ್ಟೆ ತುಂಬೀತೇ ಹೊರತು ಮರಿ ತುಂಬಿಕೊಳ್ಳದು. ಬೇಯಿಸಿದ ಮೊಟ್ಟೆ, ಮುಳ್ಳು ತೆಗೆದ ಕೆರೆಯ ಮೀನು, ಕೋಳಿಯ ಮಾಂಸ, ಕೊಂಚ ಈಲಿ, ಇವು ಒಳ್ಳೆಯವು. ಮಾಂಸ ಸೇರದ ಮನೆಗಳಲ್ಲಿ ಮೆತ್ತಗೆ ಬೇಯಿಸಿದ ಹುರುಳಿಯೂ ಮೊಸರೂ ಒಂದಿಷ್ಟು ನೆರವಾಗುತ್ತವೆ. ಹುರುಳಿಯ ಬಸ್ಸಾರನ್ನು ಒಗ್ಗರಣೆ ಬೀಳುವ ಮುನ್ನ, ಖಾರ ಬೆರೆಸುವ ಮುನ್ನ, ನಾಯಿಯ ಪಾಲೆಂದು ತೆಗೆದಿಟ್ಟರೆ ಪ್ರತ್ಯೇಕ ಅಡಿಗೆಯ ಶ್ರಮವೂ ಇಲ್ಲ. ಬೆಂದ ಕೋಳಿಮೂಳೆ ಮಾತ್ರ ಬೇಡ. ಅದು ಸೀಳಾಗಿ ಮುರಿದು ಕರುಳನ್ನು ಚುಚ್ಚುತ್ತದೆ. ಕಬ್ಬಿನ ಸೀಮೆಯಲ್ಲವೇ, ಬೆಲ್ಲದ ಪಾನಕವನ್ನೂ ಇಡುವವರಿದ್ದಾರೆ. ಅದರಿಂದ ಕೇಡು ಹೆಚ್ಚಿಲ್ಲ, ಹಾಲೂ ಹೆಚ್ಚದು.

ಇನ್ನು ಮುಖ್ಯವಾದ ವಿಷಯ. ಮನೆಯೊಳಗೆ ಸಾಕಿದ ಪೊಮೆರೇನಿಯನ್ ಮುಂತಾದ ಸಣ್ಣ ಜಾತಿಯ ನಾಯಿ ಗಬ್ಬವಾದೊಡನೆ ಮಾಲೀಕರು ಔಷಧದ ಅಂಗಡಿಯಿಂದ ಕ್ಯಾಲ್ಸಿಯಂ ಮಾತ್ರೆಗಳನ್ನು ತಂದು ದಿನವೂ ನುಂಗಿಸುವುದುಂಟು. ಬಲ ಬರಲೆಂಬ ಆಸೆ, ಆಗುವುದು ವಿಪರೀತ. ಹೊರಗಿನಿಂದ ಧಾರಾಳವಾಗಿ ದೊರೆಯುವಾಗ, ಎಲುಬಿನಲ್ಲಿರುವ ಕ್ಯಾಲ್ಸಿಯಂ ಅನ್ನು ಕರಗಿಸಿ ರಕ್ತಕ್ಕೆ ತರುವ ದೇಹದ ಏರ್ಪಾಡು ಮೈಮರೆತು ಮಲಗುತ್ತದೆ. ಮರಿಗಳು ಹುಟ್ಟಿ ಹಾಲಿನ ಮೂಲಕ ಕ್ಯಾಲ್ಸಿಯಂ ಸೋರಿಹೋಗತೊಡಗಿದಾಗ ಅದು ಬೇಗನೆ ಏಳಲಾರದು. ಸಾಮಾನ್ಯವಾಗಿ ಎರಡರಿಂದ ನಾಲ್ಕನೆಯ ವಾರದೊಳಗೆ ತಾಯಿ ಚಡಪಡಿಸುತ್ತದೆ, ಏದುತ್ತದೆ, ಕಾಲು ಸೆಟೆದು ಮರಗಾಲಿನಂತೆ ನಡೆಯುತ್ತದೆ. ಮೈ ಅದುರಿ, ಜ್ವರವೇರಿ, ಕೊನೆಗೆ ಸೆಳವು ಬರುತ್ತದೆ. ಹಸುವಿನ ಹಾಲುಜ್ವರವನ್ನು ಬಲ್ಲ ರೈತರೂ ಇಲ್ಲಿ ಮೋಸಹೋಗುತ್ತಾರೆ. ಏಕೆಂದರೆ ಹಸು ಮೈ ತಣ್ಣಗಾಗಿ ಕುಸಿದು ಮಲಗಿದರೆ, ನಾಯಿ ಕಾದು ಕೆಂಡವಾಗಿ ನಡುಗುತ್ತದೆ. ಜೊಲ್ಲು ಸುರಿಸಿ ನಡುಗುವ ಬೀದಿನಾಯಿಯನ್ನು ಹುಚ್ಚುನಾಯಿಯೆಂದೇ ಬಗೆದು ಕಲ್ಲೆತ್ತಿಕೊಳ್ಳುವುದೂ ಅಸಂಭವವಲ್ಲ. ಈ ಲಕ್ಷಣಗಳು ತೋರಿದೊಡನೆ ಮನೆಯ ನಾಯಿಯಾದರೆ ಮರಿಗಳನ್ನು ಬೇರೆ ಮಾಡಿ, ಪಶುವೈದ್ಯರಲ್ಲಿಗೆ ಕೂಡಲೆ ಕೊಂಡೊಯ್ಯಬೇಕು. ವೈದ್ಯರು ಕ್ಯಾಲ್ಸಿಯಂ ಅನ್ನು ರಕ್ತನಾಳದೊಳಕ್ಕೆ ನಿಧಾನವಾಗಿ ಏರಿಸಿದರೆ ಸಾಯುತ್ತಿದ್ದ ತಾಯಿ ಎದ್ದು ಕುಳಿತುಕೊಳ್ಳುತ್ತದೆ. ತಡಮಾಡಿದರೆ ಅಂದೇ ಪ್ರಾಣ ಹೋದೀತು. ಬೀದಿಯ ನಾಯಿಯ ಬಳಿಗೆ ಮಾತ್ರ ಒಬ್ಬಂಟಿಯಾಗಿ ಕೈಚಾಚಿ ಹೋಗಬಾರದು, ವೈದ್ಯರಿಗೆ ಸುದ್ದಿ ಮುಟ್ಟಿಸಬೇಕು. ಕಚ್ಚಿಸಿಕೊಂಡರೆ ಗಾಯವನ್ನು ಸಾಬೂನು ನೀರಿನಲ್ಲಿ ಕಾಲು ಗಂಟೆ ತೊಳೆದು ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಪಡೆಯತಕ್ಕದ್ದು.

ಹೆರಿಗೆಯ ದಿನ ನಾಯಿ ಅನ್ನವನ್ನು ಮೂಸಿ ಬಿಟ್ಟುಬಿಡುವುದು ಸಹಜ. ಸಾಮಾನ್ಯವಾಗಿ ೧೦೧, ೧೦೨ ಡಿಗ್ರಿಯಷ್ಟಿರುವ ಮೈಶಾಖ ೯೯ಕ್ಕಿಂತ ಕೆಳಗಿಳಿಯಿತೆಂದರೆ ಒಂದು ದಿನದೊಳಗೆ ಮರಿ ಬರುವುದೆಂದು ತಿಳಿಯಬಹುದು. ಆಗ ಬಲವಂತದಿಂದ ತಿನ್ನಿಸಬಾರದು. ಮರಿಯ ಹಿಂದೆಯೇ ಬೀಳುವ ಮಾಸನ್ನು ತಾಯಿ ತಿಂದುಬಿಡುವುದನ್ನು ಕಂಡು ಅಸಹ್ಯಪಡುವುದು ಬೇಡ, ಕೋಲಿನಿಂದ ಕಿತ್ತುಕೊಳ್ಳುವುದೂ ಬೇಡ. ಹೆರಿಗೆ ಮುಗಿದ ಮೇಲೆ ಮೊದಲು ನೀರು, ಆಮೇಲೆ ತೆಳ್ಳಗಿನ ರಾಗಿ ಅಂಬಲಿ ಅಥವಾ ಮಾಂಸದ ತಿಳಿ. ಅದನ್ನು ಮರಿಗಳ ಪಕ್ಕದಲ್ಲಿಯೇ ಇಡಬೇಕು. ಮೊದಲ ದಿನಗಳಲ್ಲಿ ತಾಯಿ ಮರಿಗಳನ್ನು ಬಿಟ್ಟು ಏಳಲೊಲ್ಲದು.

ಮರಿಗಳ ತೂಕ ಸುಮಾರು ಹತ್ತು ದಿನಗಳಲ್ಲಿ ಇಮ್ಮಡಿಯಾಗುತ್ತದೆ. ಆ ತೂಕವೆಲ್ಲ ತಾಯಿಯ ಮೈಯಿಂದಲೇ ಬರಬೇಕಷ್ಟೆ. ಮೂರು, ನಾಲ್ಕನೆಯ ವಾರಗಳಲ್ಲಿ ಹಾಲಿನ ಬೇಡಿಕೆ ಶಿಖರಕ್ಕೇರುತ್ತದೆ. ಆಗ ಅದಕ್ಕೆ ಎಂದಿನ ಆಹಾರದ ಎರಡರಷ್ಟು, ಮರಿಗಳು ಬಹಳವಿದ್ದರೆ ಮೂರರಷ್ಟು ಬೇಕು. ಆದರೆ ನೋಡುವ ಜನಕ್ಕೆ ಆ ವೇಳೆಗೆ ಮರುಕ ಹಳತಾಗಿರುತ್ತದೆ. ಹೆರಿಗೆಯಾದ ವಾರ ಬಂದ ಹೋಳಿಗೆ, ತುಪ್ಪದನ್ನ, ಮೂರನೆಯ ವಾರದಲ್ಲಿ ತಂಗಳು ಮುದ್ದೆಗೆ ಇಳಿದಿರುತ್ತದೆ. ಪಕ್ಕೆಲುಬು ಎಣಿಸುವಂತೆ ಬಡವಾದ ಬಾಣಂತಿ ನಾಯಿಗಳು ಕಾಣುವುದು ಈ ದಿನಗಳಲ್ಲಿಯೇ.

ತಾಯಿ ಸತ್ತ ಮರಿಗಳಿಗೆ ಹಸುವಿನ ಹಾಲಿಗೆ ನೀರು ಬೆರೆಸಿ ಕುಡಿಸುವುದು ಮತ್ತೊಂದು ರೂಢಿ. ನಾಯಿಯ ಹಾಲಿನಲ್ಲಿ ಕೊಬ್ಬೂ ಪ್ರೋಟೀನೂ ಹಸುವಿನ ಹಾಲಿಗಿಂತ ಇಮ್ಮಡಿಗೂ ಮಿಗಿಲು. ಮೊದಲೇ ತೆಳುವಾದುದಕ್ಕೆ ಇನ್ನೂ ನೀರು ಸೇರಿದರೆ ಮರಿ ಹೊಟ್ಟೆ ಉಬ್ಬಿಸಿಕೊಂಡೇ ಸೊರಗುತ್ತದೆ. ಅಂಗಡಿಯಲ್ಲಿ ಮರಿಗಳಿಗೆಂದೇ ದೊರೆಯುವ ಹಾಲಿನ ಪುಡಿ ಎಲ್ಲಕ್ಕಿಂತ ಲೇಸು. ಅದು ಸಿಕ್ಕದ ಹಳ್ಳಿಯಲ್ಲಿ, ನೀರು ಸೋಕದ ಹಾಲಿಗೆ ಮೊಟ್ಟೆಯ ಹಳದಿಯನ್ನು ಕಲಸಿ, ಉಗುರುಬೆಚ್ಚಗೆ ಮಾಡಿ, ಎರಡು ಮೂರು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪವಾಗಿ ಕೊಡುತ್ತ ಎರಡು ದಿನ ಕಳೆಯಬಹುದು. ಮರಿಯನ್ನು ಕೂಸಿನಂತೆ ಅಂಗಾತ ಮಲಗಿಸಿ ಕುಡಿಸಿದರೆ ಹಾಲು ಶ್ವಾಸನಾಳಕ್ಕೆ ಹೋಗುತ್ತದೆ, ಬೋರಲಾಗಿಯೇ ಇರಿಸಬೇಕು.

ನಾಲ್ಕನೆಯ ವಾರದಿಂದ ಮರಿಗಳಿಗೆ ಹಾಲಿನಲ್ಲಿ ನುರಿದ ಮೆದು ಅನ್ನ, ಅಂಬಲಿ, ಬೆಂದ ಮೊಟ್ಟೆ ತಟ್ಟೆಯಲ್ಲಿ ತೋರಿಸಬಹುದು. ಜಂತುವಿನ ಔಷಧ ಎರಡನೆಯ ವಾರಕ್ಕೇ ಆರಂಭವಾಗಬೇಕು, ಜಂತು ತಾಯಿಯ ಗರ್ಭದಲ್ಲಿಯೇ ಮರಿಗೆ ಅಂಟಿರುತ್ತದೆ. ಏಳೆಂಟನೆಯ ವಾರ ಮರಿಗಳು ಮೊಲೆ ಬಿಟ್ಟ ದಿನ ತಾಯಿಗೆ ಆಹಾರವನ್ನು ತೀರ ಕಡಮೆ ಮಾಡಿ, ಮರುದಿನ ಎಂದಿನ ಕಾಲುಭಾಗ, ಆಮೇಲೆ ಅರ್ಧ, ಮುಕ್ಕಾಲು, ಹೀಗೆ ನಾಲ್ಕೈದು ದಿನಗಳಲ್ಲಿ ಹಳೆಯ ಅಳತೆಗೆ ತಂದರೆ, ಕೆಚ್ಚಲು ಬಿಗಿಯದೆ ಹಾಲು ಬತ್ತುತ್ತದೆ.