ಮಾದರಿಯ ವಿಮಾನ

ಮಗನೋ ಮೊಮ್ಮಗಳೋ ಪೆಟ್ಟಿಗೆಯಲ್ಲಿ ಬಂದ ಮರದ ತುಂಡುಗಳನ್ನು ಹರಡಿಕೊಂಡು ತಿಂಗಳುಗಟ್ಟಲೆ ವಿಮಾನವೊಂದನ್ನು ಕಟ್ಟುತ್ತಿದ್ದರೆ, “ಆಟಿಕೆಗೆ ಇಷ್ಟು ಹಣವೇ, ಇಷ್ಟು ಕಾಲವೇ?” ಎಂದು ಹಿರಿಯರು ಕೇಳುವುದು ಸಹಜವಾಗಿದೆ. ಆದರೆ ರೇಡಿಯೋ ಅಲೆಗಳಿಂದ ದೂರದಲ್ಲಿದ್ದೇ ನಡೆಯಿಸುವ ಮಾದರಿ ವಿಮಾನವು ಕೇವಲ ಆಟಿಕೆಯಲ್ಲವೆಂಬುದನ್ನು ವಾಚಕರು ಗಮನಿಸಬೇಕು. ದೊಡ್ಡ ವಿಮಾನವನ್ನು ಹೊರುವ ಗಾಳಿಯೇ ಇದನ್ನೂ ಹೊರುವುದು. ಅದನ್ನು ಕೆಡಹುವ ದೋಷವೇ ಇದನ್ನೂ ಕೆಡಹುವುದು.

ಈ ವಿದ್ಯೆಯು ನಿನ್ನೆ ಮೊನ್ನೆಯದಲ್ಲ. 1871ರಲ್ಲಿ ಫ್ರಾನ್ಸಿನ ಆಲ್ಫೋನ್ಸ್ ಪೆನೋ ಎಂಬಾತನು ತಿರುಚಿದ ರಬ್ಬರಿನ ಬಲದಿಂದ ಓಡುವ ಮಾದರಿಯೊಂದನ್ನು ಪ್ಯಾರಿಸ್ಸಿನ ಉದ್ಯಾನದಲ್ಲಿ ಸುಮಾರು 11 ಸೆಕೆಂಡು ಹಾರಿಸಿದನು. ರೈಟ್ ಸಹೋದರರ ಯಂತ್ರವು ಮನುಷ್ಯನನ್ನು ಹೊತ್ತು ಹಾರಿದ್ದು ಅದಾದ 32 ವರ್ಷಗಳ ತರುವಾಯ. 1937ರಲ್ಲಿ ಅಮೆರಿಕದ ವಾಲ್ಟರ್ ಗುಡ್, ವಿಲಿಯಂ ಗುಡ್ ಎಂಬ ಅವಳಿ ಸಹೋದರರು ‘ಗಫ್’ ಎಂಬ ತಮ್ಮ ಮಾದರಿಯನ್ನು ರೇಡಿಯೋ ಮೂಲಕ ನಡೆಯಿಸಿ ತೋರಿದರು.

ಇಂದು ಹವ್ಯಾಸಿಗಳು ಬಹಳವಾಗಿ ಮೆಚ್ಚುವುದು ‘ಪೈಪರ್ ಕಬ್’ ಎಂಬ ಹಳದಿ ಬಣ್ಣದ ಅಮೆರಿಕದ ವಿಮಾನದ ಪ್ರತಿರೂಪವನ್ನು. ಮೂಲ ವಿಮಾನದ ರೆಕ್ಕೆಗಳ ಹರವು ಸುಮಾರು 10.7 ಮೀಟರು, ತುಂಬಿದ ತೂಕವು ಸುಮಾರು 550 ಕಿಲೋ. ಅದನ್ನು ಆರರಲ್ಲಿ ಒಂದು ಪಾಲಿನ ಅಳತೆಗೆ ಇಳಿಸಿದರೆ ಹರವು 1.8 ಮೀಟರಾಗುವುದು. ಆದರೆ ರೆಕ್ಕೆಯ ವಿಸ್ತೀರ್ಣವು 36ರಲ್ಲಿ ಒಂದು ಪಾಲಿಗೂ, ತೂಕವು 216ರಲ್ಲಿ ಒಂದು ಪಾಲಿಗೂ, ಎಂದರೆ ಸುಮಾರು ಎರಡೂವರೆ ಕಿಲೋವಿಗೂ ಇಳಿಯಬೇಕು. ಈ ಕಾರಣದಿಂದಲೇ ಕಟ್ಟುವವನು ಅಂಟಿನ ಪ್ರತಿ ಹನಿಗೂ ಲೆಕ್ಕವಿಡುವನು. ತೂಕವು ಹೆಚ್ಚಿದಷ್ಟೂ ವಿಮಾನವು ಹೆಚ್ಚು ವೇಗದಲ್ಲಿ ಹಾರಬೇಕು, ಹೆಚ್ಚು ವೇಗದಲ್ಲಿಯೇ ಇಳಿಯಬೇಕು.

ರೆಕ್ಕೆಯ ಪಕ್ಕೆಲುಬುಗಳು ಬಾಲ್ಸಾ ಎಂಬ ಮರದವು. ದಕ್ಷಿಣ ಅಮೆರಿಕದ ಈಕ್ವೆಡಾರಿನಲ್ಲಿ ಹೇರಳವಾಗಿ ಬೆಳೆಯುವ ಈ ಮರವು ಅತ್ಯಂತ ಹಗುರ. ನಕ್ಷೆಯನ್ನು ಸಮತಟ್ಟಾದ ಹಲಗೆಯ ಮೇಲೆ ಹರಡಿ, ತುಂಡುಗಳನ್ನು ಗುಂಡುಸೂಜಿಗಳಿಂದ ನಿಲ್ಲಿಸಿ, ಅಂಟು ಒಣಗುವವರೆಗೆ ಕಾಯಬೇಕು. ಆತುರದಿಂದ ಕಿತ್ತರೆ ರೆಕ್ಕೆಯು ತಿರುಚಿಕೊಳ್ಳುವುದು. ಕಡೆಗೆ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿ ಇಸ್ತ್ರಿಯ ಶಾಖದಿಂದ ಬಿಗಿಗೊಳಿಸುವರು.

ನಮ್ಮ ಕೇರಿಯ ಬಾಲಕನೊಬ್ಬನು ಇಂಥ ಮಾದರಿಯನ್ನು ಮುಗಿಸಿದ ದಿನ ಮನೆಯ ತುಂಬ ನೆಂಟರಿದ್ದರು. ಅವರೆಲ್ಲರೆದುರು ಆ ಸಂಜೆಯೇ ಹಾರಿಸಬೇಕೆಂಬುದು ಅವನ ಹಂಬಲ. ಸೋದರಮಾವನವರು, “ಮೊದಲು ತೂಗಿ ನೋಡೋಣ, ಬಾ” ಎಂದರು. “ಮಾವ, ಎಲ್ಲರೂ ನಾಳೆ ಹೊರಟುಬಿಡುತ್ತಾರೆ” ಎಂದು ಬಾಲಕನು ಕಣ್ಣೀರಿಟ್ಟರೂ ಅವರು ಕದಲಲಿಲ್ಲ. ರೆಕ್ಕೆಯ ಮುಂದಂಚಿನಿಂದ ಅದರ ಅಗಲದ ಕಾಲುಭಾಗಕ್ಕೂ ಮೂರನೆಯ ಒಂದು ಭಾಗಕ್ಕೂ ನಡುವೆ ಗುರುತ್ವಕೇಂದ್ರವಿರಬೇಕು. ಅಲ್ಲಿ ಬೆರಳುಗಳನ್ನಿಟ್ಟು ಎತ್ತಿದರೆ ಬಾಲವು ಕೆಳಕ್ಕೆ ಜೋತಿತು! ಬಾಲಭಾರದ ವಿಮಾನವು ಮೂತಿಯೆತ್ತಿ, ವೇಗವಳಿದು, ನೆಲಕ್ಕೆ ಬೀಳುವುದು. ಬ್ಯಾಟರಿಯನ್ನು ಮುಂದಕ್ಕೆ ಸರಿಸಿ, ಮೂತಿಯಲ್ಲಿ ಸ್ವಲ್ಪ ಸೀಸವನ್ನು ಕೂಡಿಸಿದ ಮೇಲೆ ತೂಕವು ಸಮವಾಯಿತು. ನೆಂಟರು ನೋಡದೆಯೇ ಹೋದರು. ಮುಂದಿನ ಭಾನುವಾರದ ಬೆಳಿಗ್ಗೆ, ಊರಾಚೆಯ ಬಯಲಿನಲ್ಲಿ, ಪಳಗಿದವರೊಬ್ಬರ ನೆರವಿನಿಂದ ವಿಮಾನವು ಎಂಟು ನಿಮಿಷ ಹಾರಿ ನೆಟ್ಟಗೆ ಇಳಿಯಿತು. ನಾಲ್ಕು ತಿಂಗಳು ಊಟದ ಮೇಜನ್ನು ಬಿಟ್ಟುಕೊಟ್ಟಿದ್ದ ತಾಯಿ ಅದನ್ನು ಕಣ್ತುಂಬ ನೋಡಿದರು.

ಹಾರಿಸುವುದರಲ್ಲಿಯೂ ಒಂದು ತೊಡಕುಂಟು. ವಿಮಾನವು ನಮ್ಮತ್ತ ಮುಖಮಾಡಿ ಬರುವಾಗ ಅದರ ಎಡವು ನಮಗೆ ಬಲವಾಗಿ ಕಾಣುವುದು. ಹೊಸಬರು ಬೀಳಿಸುವುದು ಬಹುಮಟ್ಟಿಗೆ ಇಲ್ಲಿಯೇ. ತಗ್ಗಿದ ರೆಕ್ಕೆಯು ಯಾವ ಕಡೆಗೆ ಕಾಣುವುದೋ ಆ ಕಡೆಗೆ ಹಿಡಿಕೋಲನ್ನು ಒತ್ತಿದರೆ ರೆಕ್ಕೆಯು ಮೇಲೇಳುವುದೆಂದು ಬಲ್ಲವರು ಕಲಿಸುವರು.

ಕೆಲವು ನಿಯಮಗಳನ್ನು ಮನೆಯ ಹಿರಿಯರೇ ನಡೆಯಿಸತಕ್ಕದ್ದು. ಮೊದಲು ಕೈಯಲ್ಲಿರುವ ಪ್ರೇಷಕವನ್ನು ಚಾಲೂ ಮಾಡಿ, ಅನಂತರವೇ ವಿಮಾನಕ್ಕೆ ಬ್ಯಾಟರಿಯನ್ನು ಜೋಡಿಸಬೇಕು. ಪ್ರೊಪೆಲ್ಲರಿನ ಎದುರಿಗಾಗಲಿ ಪಕ್ಕಕ್ಕಾಗಲಿ ಯಾರೂ ನಿಲ್ಲಕೂಡದು. ಅದು ಬೆರಳನ್ನು ಕತ್ತರಿಸಬಲ್ಲದು. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತುವ ಭಯವಿರುವುದರಿಂದ ಅದನ್ನು ಚಾರ್ಜಿಗೆ ಹಾಕಿ ಮಲಗಕೂಡದು. ಜನರ ತಲೆಯ ಮೇಲೆ, ವಿಮಾನ ನಿಲ್ದಾಣದ ಸಮೀಪದಲ್ಲಿ ಹಾರಿಸಕೂಡದು. 2021ರಲ್ಲಿ ಭಾರತ ಸರ್ಕಾರವು ಹೊರಡಿಸಿದ ಡ್ರೋನ್ ನಿಯಮಗಳು ಇಂಥ ಮಾದರಿಗಳನ್ನೂ ಹೆಸರಿಸಿ, ಕಣ್ಣಿಗೆ ಕಾಣುವಷ್ಟು ದೂರದಲ್ಲಿಯೇ ನಡೆಯಿಸುವಂಥವೆಂದು ಹೇಳಿವೆ.

ಆದಕಾರಣ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ಮಕ್ಕಳಿಗೆ ಪೆಟ್ಟಿಗೆಯನ್ನು ಕೊಂಡುಕೊಟ್ಟು ಸುಮ್ಮನಾಗದಿರಿ. ಅಂಟು ಒಣಗುವ ಸಂಜೆಗಳಲ್ಲಿ ಅವರ ಬಳಿ ಕುಳಿತುಕೊಳ್ಳಿರಿ. ಹಾರಿಸುವ ಮುನ್ನ ತೂಗಿ ನೋಡಿರಿ.