ಅಪ್ಪನ ಪದ್ಮಿನಿ ಮತ್ತು ಅರ್ಧ ಮಿಲಿಮೀಟರ್

ಲೇತ್ ಅಂಗಡಿಯಿಂದ ಫೋನ್ ಬಂದಾಗ ಆಫೀಸ್ ಮೀಟಿಂಗ್‌ನಲ್ಲಿದ್ದೆ. "ಹೆಡ್ ಸಮ ಆಯ್ತು ಸಾರ್. ಇನ್ನೊಂದು ಅರ್ಧ ಮಿಲಿಮೀಟರ್ ಕಟ್ ಹೊಡೀಲಾ? ಪಿಕಪ್ ಚೆನ್ನಾಗಿ ಬರುತ್ತೆ."

ಹೂಂ ಅಂದುಬಿಡೋಣ ಅನ್ನಿಸಿತು. ಆದರೆ ತೆಗೆದ ಲೋಹ ವಾಪಸ್ ಬರಲ್ಲವಲ್ಲ! "ಭಾನುವಾರದವರೆಗೆ ಬೇಡ ಅಣ್ಣ, ಲೆಕ್ಕ ಹಾಕಿ ಹೇಳ್ತೀನಿ" ಅಂದೆ.

ಗಾಡಿ ಅಪ್ಪನ ಪ್ರೀಮಿಯರ್ ಪದ್ಮಿನಿ. ರೇಡಿಯೇಟರ್ ಸೋರಿ, ಇಂಜಿನ್ ಕಾದು, ಹೆಡ್ ಬಾಗಿತ್ತು. ಸವೆದಿದ್ದ ಸಿಲಿಂಡರ್‌ಗಳನ್ನು ಬೋರ್ ಮಾಡಿಸಿ ಅರ್ಧ ಮಿಮೀ ಓವರ್‌ಸೈಜ್ ಪಿಸ್ಟನ್ ಹಾಕಿಸಿದ್ದೆವು. ಅಪ್ಪನಿಗೆ ಈಗ ಸ್ಪ್ಯಾನರ್ ಹಿಡಿದರೆ ಕೈ ನಡುಗುತ್ತೆ. ಅವರ ಆಸೆ ಒಂದೇ: ಹಾಸನದಿಂದ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಇನ್ನೊಂದು ಸಲ ಇದೇ ಗಾಡಿಯಲ್ಲಿ ಹೋಗಬೇಕು. ನಾನು ಓಡಿಸಬೇಕು, ಅವರು ಪಕ್ಕದಲ್ಲಿ ಕೂತು ಬೈಯಬೇಕು.

ಕಂಪ್ರೆಷನ್ ರೇಶಿಯೋ ಅಂದರೆ ಇಷ್ಟೇ: ಪಿಸ್ಟನ್ ಕೆಳಗಿದ್ದಾಗ ಸಿಲಿಂಡರಿನಲ್ಲಿರುವ ಒಟ್ಟು ಜಾಗವನ್ನು, ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗದಿಂದ ಭಾಗಿಸೋದು. ಗೇಜ್ ಹಾಕಿ ನೋಡುವ ಪಿಎಸ್‌ಐ ಬೇರೆ, ಇದು ಬೇರೆ. ರೇಶಿಯೋ ಏರಿದರೆ ಅದೇ ಪೆಟ್ರೋಲಿಗೆ ಹೆಚ್ಚು ಶಕ್ತಿ ಸಿಗುತ್ತೆ. ಅತಿಯಾದರೆ ಮಿಶ್ರಣ ತಾನಾಗೇ ಹೊತ್ತಿಕೊಂಡು ಏರಿನಲ್ಲಿ ಟಕಟಕ ಅನ್ನುತ್ತೆ. ಅದನ್ನು ಲೆಕ್ಕಿಸದೆ ಓಡಿಸಿದರೆ ಪಿಸ್ಟನ್ನೇ ಹಾಳು.

ಪದ್ಮಿನಿಯ ಮೂಲ ಬೋರ್ 68 ಮಿಮೀ, ಸ್ಟ್ರೋಕ್ 75 ಮಿಮೀ, ನಾಲ್ಕು ಸಿಲಿಂಡರ್, 1089 ಸಿಸಿ. ಈಗ ನಮ್ಮ ಬೋರ್ 68.5. ಒಂದು ಸಿಲಿಂಡರಿಗೆ 276.4 ಸಿಸಿ ಆಯಿತು.

ಭಾನುವಾರ ಹೆಡ್ಡನ್ನು ಮನೆಗೆ ತಂದು ಅಂಗಳದಲ್ಲಿ ಬೋರಲು ಇಟ್ಟೆ. ವಾಲ್ವ್, ಸ್ಪಾರ್ಕ್ ಪ್ಲಗ್ ಹಾಕಿ, ಚೇಂಬರಿನ ಅಂಚಿಗೆ ಗ್ರೀಸ್ ಸವರಿ, ಸಣ್ಣ ತೂತಿರುವ ಅಕ್ರಿಲಿಕ್ ತುಂಡು ಮುಚ್ಚಿದೆ. ಮೆಡಿಕಲ್ ಶಾಪ್‌ನ ಸಿರಿಂಜಿನಲ್ಲಿ ನೀಲಿ ಇಂಕು ಬೆರೆಸಿದ ನೀರನ್ನು ಗಾಳಿಗುಳ್ಳೆ ಉಳಿಯದಂತೆ ತುಂಬಿದೆ. ನಾಲ್ಕೂ ಚೇಂಬರ್ 30 ಸಿಸಿ ಆಸುಪಾಸು ಬಂತು. (ಆಮೇಲೆ ಒರೆಸಿ ಎಣ್ಣೆ ಹಚ್ಚೋದು ಮರೀಬೇಡಿ, ತುಕ್ಕು ಹಿಡಿಯುತ್ತೆ.)

ಬಿಗಿದ ಮೇಲೆ ಗ್ಯಾಸ್ಕೆಟ್ 1.2 ಮಿಮೀ ದಪ್ಪ, ಅದರ ತೂತು 70 ಮಿಮೀ: 4.6 ಸಿಸಿ. ಪಿಸ್ಟನ್ ಮೇಲೆ ಬಂದಾಗಲೂ ಬ್ಲಾಕಿನ ಅಂಚಿಗಿಂತ ಅರ್ಧ ಮಿಮೀ ಕೆಳಗೇ ನಿಲ್ಲುತ್ತೆ: 1.8 ಸಿಸಿ. ನಮ್ಮ ಪಿಸ್ಟನ್ ತಲೆ ಚಪ್ಪಟೆ. ನಿಮ್ಮದು ಉಬ್ಬಿದ್ದರೆ ಅಷ್ಟು ಕಳೀಬೇಕು, ತಗ್ಗಿದ್ದರೆ ಕೂಡಬೇಕು. ಒಟ್ಟು ಉಳಿದ ಜಾಗ 36.4 ಸಿಸಿ.

ಉತ್ತರ ಸುಮಾರು 31 ಬಂತು! ಖುಷಿಯಿಂದ ಅಪ್ಪನಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿದರು. "ಡೀಸೆಲ್ ಇಂಜಿನ್ನಿಗೂ ಇಷ್ಟು ಬರಲ್ಲ ಕಣೋ. ನಾಲ್ಕು ಸಿಲಿಂಡರಿನ ಸಿಸಿ ತಗೊಂಡು ಒಂದೇ ಚೇಂಬರಿನಿಂದ ಭಾಗಿಸಿದ್ದೀಯ."

ಸರಿಯಾಗಿ ಹಾಕಿದೆ. 276.4ಕ್ಕೆ 36.4 ಕೂಡಿದರೆ 312.8. ಅದನ್ನು 36.4ರಿಂದ ಭಾಗಿಸಿದರೆ 8.6.

ಇನ್ನು ಆ ಅರ್ಧ ಮಿಲಿಮೀಟರ್. ಚೇಂಬರಿನ ಬಾಯಿಯನ್ನು ಗ್ರಾಫ್ ಹಾಳೆಯ ಮೇಲೆ ಅಚ್ಚು ತೆಗೆದು ಚೌಕ ಎಣಿಸಿದೆವು. ಸುಮಾರು 32 ಚದರ ಸೆಂಮೀ. ಅರ್ಧ ಮಿಮೀ ಕತ್ತರಿಸಿದರೆ 1.6 ಸಿಸಿ ಕಮ್ಮಿ, ರೇಶಿಯೋ 8.9. ಬೋರ್ ದೊಡ್ಡದು ಮಾಡಿದ್ದರಿಂದ ಏರಿದ್ದು ಬರೀ 0.1. ಅಷ್ಟೇ ಅರ್ಧ ಮಿಮೀ ಹೆಡ್‌ನಲ್ಲಿ ಹೋದರೆ ಅದರ ಮೂರು ಪಟ್ಟು.

8.9 ಏನು ಮಹಾ, ಇವತ್ತಿನ ಕಾರಿನಲ್ಲಿ 10, 11 ಇರುತ್ತಲ್ಲ ಅಂತ ನೀವು ಕೇಳಬಹುದು. ನಾನೂ ಕೇಳಿದೆ. ಅವುಗಳಲ್ಲಿ ನಾಕ್ ಆಗೋದನ್ನು ಗ್ರಹಿಸಿ ಟೈಮಿಂಗ್ ಹಿಂದಕ್ಕೆ ತರುವ ಸೆನ್ಸರ್ ಇರುತ್ತೆ. ಪದ್ಮಿನಿಗೆ ಇರೋದು ಕಾರ್ಬುರೇಟರ್, ಡಿಸ್ಟ್ರಿಬ್ಯೂಟರ್, ಆಮೇಲೆ ಓಡಿಸುವವನ ಕಿವಿ. ಅಪ್ಪ ಇನ್ನೊಂದು ಮಾತು ಸೇರಿಸಿದರು: "ಮುಂದೆ ಯಾವತ್ತಾದ್ರೂ ಹೆಡ್ ಮತ್ತೆ ಬಾಗಿದ್ರೆ? ಆಗ ಸಮ ಮಾಡೋಕೆ ಆ ಅರ್ಧ ಮಿಮೀ ಬೇಕಾಗುತ್ತೆ. ಆಗ ಮಾಡಿಸೋನು ನೀನೊಬ್ಬನೇ ಇರ್ತೀಯ."

ನಾನು ಏನೂ ಹೇಳಲಿಲ್ಲ. ಲೇತ್ ಅಂಗಡಿಗೆ ಫೋನ್ ಮಾಡಿ, "ಇಷ್ಟು ಸಾಕು ಅಣ್ಣ" ಅಂದೆ.

ನಿಮ್ಮ ಮನೆಯಲ್ಲೂ ಹಳೇ ಗಾಡಿಯ ಹೆಡ್ ಬಿಚ್ಚಿದ್ದರೆ ಕಟ್ ಹೊಡೆಸುವ ಮುಂಚೆ ಒಂದು ಸಿರಿಂಜ್ ತನ್ನಿ. ಲೆಕ್ಕ ತಿದ್ದೋಕೆ ಪಕ್ಕದಲ್ಲಿ ಅಪ್ಪನನ್ನೂ ಕೂರಿಸಿಕೊಳ್ಳಿ. ನಮ್ಮದು ಮುಂದಿನ ತಿಂಗಳು ಚಾರ್ಮಾಡಿ. ಇಳಿಯೋದು ಸುಲಭ, ವಾಪಸ್ ಬರುವಾಗ ಏರಿನಲ್ಲಿ ಇಬ್ಬರೂ ಕಿವಿಗೊಟ್ಟು ಕೂತಿರ್ತೀವಿ.